ಓದುಗರ ಪ್ರಶ್ನೆ: ಮಾರ್ಗಯ್ಯನ ಬೀದಿ ನಮ್ಮ ವಾಚನಾಲಯದ ಗೋಡೆಗೆ

ಪ್ರಶ್ನೆ: ಮೈಸೂರಿನ ಹಳೆಯ ಬಡಾವಣೆಯೊಂದರ ವಾಚನಾಲಯದಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಸೇರಿ ಪುಸ್ತಕ ಓದುತ್ತೇವೆ. ಈ ವರ್ಷ ಆರ್.ಕೆ. ನಾರಾಯಣ್ ಅವರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಓದಿ ಮುಗಿಸಿದ ಮೇಲೆ, ವಾಚನಾಲಯದ ಕಾಂಪೌಂಡ್ ಗೋಡೆಯ ಹೊರಮೈಯಲ್ಲಿ ಮಾಲ್ಗುಡಿಯನ್ನು ಚಿತ್ರಿಸಬೇಕೆಂಬ ಆಸೆ ಹುಟ್ಟಿದೆ. ಗೋಡೆ 40 ಅಡಿ ಉದ್ದ, 9 ಅಡಿ ಎತ್ತರವಿದ್ದು, ಪಶ್ಚಿಮಕ್ಕೆ ಮುಖ ಮಾಡಿದೆ. ರೈಲು ನಿಲ್ದಾಣ, ಸರಯೂ ನದಿ, ಹೆಂಚಿನ ಮನೆಗಳು, ಆಲದ ಮರ, ಬ್ಯಾಂಕು ಎಲ್ಲವನ್ನೂ ಸಾಲಾಗಿ ಬರೆಸಬೇಕೆಂದುಕೊಂಡಿದ್ದೇವೆ. ಗೋಡೆಗೆ ಅಂಟಿಕೊಂಡಂತೆ ಒಂದು ವಿದ್ಯುತ್ ಕಂಬ, ಎರಡಡಿ ಮುಂದೆ ಒಂದು ಹೊಂಗೆ ಮರ, ಬುಡದಲ್ಲಿ ತೆರೆದ ಚರಂಡಿ ಇವೆ. ಇವುಗಳನ್ನು ಮರೆಸುವುದು ಹೇಗೆ?
— ನಿವೃತ್ತ ಶಿಕ್ಷಕಿಯೊಬ್ಬರು, ಮೈಸೂರು

ಉತ್ತರ: ಅಮ್ಮಾ, ಅವುಗಳನ್ನು ಮರೆಸಬೇಡಿ. ನಿಮ್ಮ ಚಿತ್ರ ಆ ಕಂಬ, ಆ ಮರ, ಆ ಚರಂಡಿಯಿಂದಲೇ ಹುಟ್ಟಬೇಕು. ಬಟ್ಟೆಯ ಮೇಲೆ ಬರೆದು ತಂದು ಯಾವ ಗೋಡೆಗೆ ನೇತುಹಾಕಿದರೂ ನಡೆಯುವ ಚಿತ್ರ ಒಂದು ಬಗೆಯದು. ತಾನು ನಿಂತ ಗೋಡೆಯನ್ನು ಬಿಟ್ಟರೆ ಅರ್ಥವನ್ನೇ ಕಳೆದುಕೊಳ್ಳುವ ಭಿತ್ತಿಚಿತ್ರ ಇನ್ನೊಂದು ಬಗೆಯದು. ನಿಮಗೆ ಬೇಕಾಗಿರುವುದು ಎರಡನೆಯದು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ನೀವು ಆರಿಸಿಕೊಂಡ ಕಾದಂಬರಿಯೇ ಅಂಥ ಚಿತ್ರವನ್ನು ಕೇಳುತ್ತದೆ.

ಮೊದಲಿಗೆ, ಸಾಲಾಗಿ ಎಲ್ಲವನ್ನೂ ಬರೆಸುವ ಯೋಜನೆಯನ್ನು ಕೈಬಿಡಿ. ಕನ್ನಡಿಗರಾದ ನಮ್ಮ ಕಣ್ಣಿನಲ್ಲಿ ಮಾಲ್ಗುಡಿ ಎಂದರೆ ಇಳಿಜಾರು ಹೆಂಚಿನ ಮಾಡು, ಮರದ ಕಂಬಗಳ ಜಗಲಿ, ಮಳೆಯಲ್ಲಿ ನೆನೆದ ಬೀದಿ. ಈ ರೂಪ ನಮಗೆ ಬಂದದ್ದು ಶಂಕರ್‌ನಾಗ್ ಅವರ ದೂರದರ್ಶನ ಧಾರಾವಾಹಿಯಿಂದ. ಅದರ ಬಹುಭಾಗದ ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಅಲ್ಲಿ ಕಂಡ ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು, ಆ ಹಳೆಯ ಕಟ್ಟಡ ಈಗ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಆ ಚಿತ್ರಣ ಸೊಗಸಾದದ್ದು, ಅದರ ಮೇಲೆ ನನಗೂ ಪ್ರೀತಿಯಿದೆ. ಆದರೆ ಅದನ್ನೇ ನಿಮ್ಮ ಗೋಡೆಗೆ ತಂದರೆ ನೀವು ಮೈಸೂರಿನಲ್ಲಿ ಆಗುಂಬೆಯನ್ನು ಬರೆದಂತಾಗುತ್ತದೆಯೇ ಹೊರತು ಮಾಲ್ಗುಡಿಯನ್ನಲ್ಲ. ನಾರಾಯಣ್ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಂತೆ, ಅಜ್ಜಿ ಗೊತ್ತುಮಾಡಿಕೊಟ್ಟ ಒಳ್ಳೆಯ ದಿನದಂದು ಬರೆಯಲು ಕುಳಿತಾಗ ಅವರ ಮನಸ್ಸಿಗೆ ಮೊದಲು ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ. ಊರು ಅದರ ಸುತ್ತ ಆಮೇಲೆ ಬೆಳೆಯಿತು. ಆ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಅದನ್ನು ಕಟ್ಟಿದವರು ದಶಕಗಳ ಕಾಲ ನಡೆದಾಡಿದ್ದು ನಿಮ್ಮ ಮೈಸೂರಿನ ಬೀದಿಗಳಲ್ಲಿ, ಮಾತಿಗೆ ನಿಂತದ್ದು ಅಲ್ಲಿಯ ಅಂಗಡಿಗಳ ಮುಂದೆ. ಆದ್ದರಿಂದ ಮನೆಯ ಆಕಾರ, ಕಿಟಕಿಯ ಸರಳು, ಬಾಗಿಲ ಮೇಲಿನ ಗಾರೆಯ ಕೆಲಸ ಇವೆಲ್ಲ ನಿಮ್ಮ ಬಡಾವಣೆಯಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳಿಂದಲೇ ಬರಲಿ.

ಇನ್ನು ಕಾದಂಬರಿಯ ವಿಷಯ. 1952ರಲ್ಲಿ ಬಂದ ಈ ಕೃತಿಯಲ್ಲಿ ಮಾರ್ಗಯ್ಯ ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರು, ಆಲದ ಮರದ ಕೆಳಗೆ, ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ. ಒಳಗೆ ಹೋಗಲು ಅಂಜುವ ರೈತರಿಗೆ ಸಾಲದ ಅರ್ಜಿ ತುಂಬಿಕೊಡುವುದೇ ಅವನ ವೃತ್ತಿ. ಕಾದಂಬರಿಯ ಸತ್ವವಿರುವುದು ಆ ಮರದಲ್ಲಾಗಲಿ ಬ್ಯಾಂಕಿನಲ್ಲಾಗಲಿ ಅಲ್ಲ, ಅವೆರಡರ ನಡುವಿನ ನಾಲ್ಕು ಹೆಜ್ಜೆಯ ದೂರದಲ್ಲಿ. ನಿಮ್ಮ ಹೊಂಗೆ ಮರ ಗೋಡೆಯಿಂದ ಎರಡಡಿ ಮುಂದಿದೆ, ಗೋಡೆ ಪಶ್ಚಿಮಕ್ಕೆ ತಿರುಗಿದೆ ಎಂದಿದ್ದೀರಿ. ಅಂದರೆ ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಇಳಿಯುತ್ತಿದ್ದಂತೆ ಮರದ ನಿಜವಾದ ನೆರಳು ಗೋಡೆಯ ಮೇಲೆ ಬೀಳುತ್ತದೆ. ಹಾಗಿದ್ದ ಮೇಲೆ ಬಣ್ಣದಲ್ಲಿ ಆಲದ ಮರ ಬರೆಯುವ ಅಗತ್ಯವೇ ಇಲ್ಲ. ಆ ನೆರಳು ಬೀಳುವ ಜಾಗದಲ್ಲಿ ಪೆಟ್ಟಿಗೆ ತೆರೆದು ಕುಳಿತ ಮಾರ್ಗಯ್ಯನನ್ನೂ, ಸುತ್ತ ಕುಳಿತ ರೈತರನ್ನೂ ಬರೆಸಿ. ದಿನವೂ ಸಂಜೆಯ ಹೊತ್ತಿಗೆ ಮರವೇ ಬಂದು ಅವರಿಗೆ ನೆರಳು ಕೊಡುತ್ತದೆ.

ಮಾರ್ಗಯ್ಯ ಮತ್ತು ಅವನ ಅಣ್ಣ ಪಾಲಾಗಿ ಒಂದೇ ಮನೆಯನ್ನು ಗೋಡೆಯಿಂದ ಎರಡು ಮಾಡಿಕೊಂಡವರು. ನಿಮ್ಮ ವಿದ್ಯುತ್ ಕಂಬ ಆ ಗೋಡೆಯ ಗೆರೆಯಾಗಲಿ: ಕಂಬದ ಈಚೆಗೊಂದು ಬಾಗಿಲು, ಆಚೆಗೊಂದು ಬಾಗಿಲು, ಒಂದೇ ಮಾಡು, ಒಂದೇ ಕಿಟಕಿಯ ಸಾಲು, ಆದರೆ ಎರಡು ಬೇರೆ ಬಣ್ಣ. ಕಂಬಕ್ಕೆ ಮಾತ್ರ ಬಣ್ಣ ಬಳಿಯಬೇಡಿ, ಅದು ವಿದ್ಯುತ್ ಸರಬರಾಜು ಕಂಪನಿಯ ಸ್ವತ್ತು. ಚರಂಡಿಯಂತೂ ನಿಮಗೆ ಸಿಕ್ಕ ಭಾಗ್ಯವೆಂದೇ ಹೇಳುತ್ತೇನೆ. ಮಾರ್ಗಯ್ಯನ ಬದುಕು ತಿರುವು ಪಡೆಯುವುದೇ ಮಗ ಬಾಲು ಅವನ ಲೆಕ್ಕದ ಪುಸ್ತಕವನ್ನು ಮನೆ ಮುಂದಿನ ಚರಂಡಿಗೆ ಎಸೆದಾಗ. ಗೋಡೆಯ ತಳದ ಅಂಚಿನಲ್ಲಿ, ಹಾಳೆಗಳು ಬಿಚ್ಚಿಕೊಂಡು ಕೆಳಗೆ ಬೀಳುತ್ತಿರುವ ಪುಸ್ತಕವೊಂದನ್ನು ಬರೆದರೆ ಸಾಕು, ಉಳಿದುದನ್ನು ನಿಮ್ಮ ಬೀದಿಯ ನಿಜವಾದ ಚರಂಡಿ ಹೇಳುತ್ತದೆ. ಕಾದಂಬರಿ ಓದದವರಿಗೂ ಅದು ಮಗುವೊಂದು ಮಾಡಿದ ಅನಾಹುತವೆಂದು ತಿಳಿಯುತ್ತದೆ. ಓದಿದವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ.

ರಚನೆಯ ಬಗ್ಗೆ ಒಂದು ಮಾತು. ರಸ್ತೆಯ ಆಚೆ ಬದಿಗೆ ಹೋಗಿ ನಿಂತರೂ 40 ಅಡಿ ಗೋಡೆ ಒಂದೇ ನೋಟಕ್ಕೆ ಸಿಗುವುದು ಕಷ್ಟ. ನೋಡುವವರು ಪಕ್ಕದಲ್ಲಿ ನಡೆದುಹೋಗುತ್ತಾರೆ, ಕೆಲವರು ಎಡದಿಂದ, ಕೆಲವರು ಬಲದಿಂದ. ಆದ್ದರಿಂದ ಇಡೀ ಬೀದಿ ಒಂದೇ ಬಿಂದುವಿನಲ್ಲಿ ಕೂಡುವಂತೆ ದೂರದೃಶ್ಯ ಬರೆದರೆ ಆ ಬಿಂದುವಿನ ಎದುರು ನಿಂತವರಿಗೆ ಮಾತ್ರ ಸರಿಯಾಗಿ ಕಾಣುತ್ತದೆ, ಉಳಿದೆಡೆ ಮನೆಗಳು ವಾಲಿದಂತೆ ತೋರುತ್ತವೆ. ಮನೆಗಳ ಮುಖವನ್ನು ನೇರವಾಗಿ ಬರೆಸಿ, ಮನುಷ್ಯರನ್ನು ಆಳೆತ್ತರಕ್ಕೆ, ದಾರಿಹೋಕರ ಕಣ್ಣಿನ ಮಟ್ಟಕ್ಕೆ ಇರಿಸಿ. ನಡೆಯುತ್ತ ನೋಡುವ ಚಿತ್ರ ಹೇಗಿರಬೇಕೆಂಬುದಕ್ಕೆ ಮಾದರಿ ನಿಮ್ಮ ಊರಿನಲ್ಲೇ ಇದೆ. ಅರಮನೆಯ ಕಲ್ಯಾಣ ಮಂಟಪದ ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ಛಾಯಾಚಿತ್ರಗಳನ್ನು ಆಧರಿಸಿ ಮೈಸೂರಿನ ಕಲಾವಿದರು ಬರೆದ ಅವುಗಳ ಮುಂದೆ ನಾವು ನಡೆದಂತೆಲ್ಲ ಮೆರವಣಿಗೆಯೂ ನಮ್ಮೊಂದಿಗೆ ಸಾಗುತ್ತದೆ. ಬಳಗದವರೆಲ್ಲ ಒಮ್ಮೆ ಅಲ್ಲಿಗೆ ಹೋಗಿ, ಪ್ರತಿ ಚಿತ್ರವೂ ಮುಂದಿನದಕ್ಕೆ ಹೇಗೆ ದಾರಿ ಕೊಡುತ್ತದೆ ಎಂಬುದನ್ನಷ್ಟೇ ಗಮನಿಸಿ ಬನ್ನಿ.

ಅಂಗಡಿಗಳ ಫಲಕಗಳನ್ನು ಬರೆಯಲು, ಸಾಧ್ಯವಾದರೆ, ನಿಮ್ಮ ಊರಿನಲ್ಲಿ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರನ್ನು ಕರೆಯಿರಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಅವರ ಕೈಯಲ್ಲಿ ಕನ್ನಡ ಅಕ್ಷರದ ದುಂಡು ಇನ್ನೂ ಜೀವಂತವಾಗಿದೆ. ಆ ದುಂಡನ್ನು ಕಂಪ್ಯೂಟರಿನ ಅಚ್ಚಿನಿಂದ ಗೋಡೆಗೆ ಇಳಿಸಲು ಆಗುವುದಿಲ್ಲ ಎಂಬುದು ನನ್ನ ಅನುಭವ.

ಪ್ರಶ್ನೆ: ಅದೇ ಗೋಡೆಯ ಕೆಳಭಾಗದಲ್ಲಿ ಸುಣ್ಣ ಪುಡಿಪುಡಿಯಾಗಿ ಉದುರುತ್ತದೆ, ಅಲ್ಲಲ್ಲಿ ಬಿಳಿ ಉಪ್ಪು ಕಾಣುತ್ತದೆ. ಪ್ರೈಮರ್ ಬಳಿದರೆ ಸರಿಹೋಗುತ್ತದೆಯೆಂದು ಪೇಂಟರ್ ಹೇಳುತ್ತಾರೆ. ನಂಬಬಹುದೆ?
— ಅದೇ ಬಳಗದ ಸದಸ್ಯರೊಬ್ಬರು

ಉತ್ತರ: ನಂಬಬೇಡಿ. ಉಪ್ಪು ಕಾಣಿಸುತ್ತಿದೆಯೆಂದರೆ ನೀರು ಗೋಡೆಯೊಳಗೆ ಹರಿದು, ಹೊರಮೈಯಲ್ಲಿ ಆರಿ, ತಾನು ಕರಗಿಸಿ ತಂದ ಲವಣವನ್ನು ಅಲ್ಲಿ ಬಿಟ್ಟುಹೋಗುತ್ತಿದೆ ಎಂದರ್ಥ. ಅದರ ಮೇಲೆ ಬಣ್ಣದ ಪೊರೆ ಎಳೆದರೆ ಲವಣ ಪೊರೆಯ ಹಿಂದೆ ಹರಳುಗಟ್ಟಿ ಬಣ್ಣವನ್ನು ಎತ್ತಿ ಬೀಳಿಸುತ್ತದೆ. ಹಲವು ವರ್ಷಗಳ ಹಿಂದೆ ಶಾಲೆಯೊಂದರ ಗೋಡೆಯ ಮೇಲೆ ನಾವು ಮಕ್ಕಳ ಸಾಲೊಂದನ್ನು ಬರೆದಿದ್ದೆವು. ಗೋಡೆಯ ಹಿಂಬದಿಯಲ್ಲಿ ಕೈತೋಟವಿದ್ದುದನ್ನೂ, ಅದಕ್ಕೆ ದಿನವೂ ನೀರು ಬಿಡುತ್ತಿದ್ದುದನ್ನೂ ನಾನು ವಿಚಾರಿಸಲಿಲ್ಲ. ಮರುವರ್ಷದ ಮಳೆಗಾಲದ ಹೊತ್ತಿಗೆ ಚಿತ್ರದ ಮಕ್ಕಳೆಲ್ಲರ ಕಾಲು ಮೊಣಕಾಲಿನವರೆಗೆ ಉಬ್ಬಿ ಕಳಚಿಬಿದ್ದಿತ್ತು. ಆ ಮಕ್ಕಳನ್ನು ಹಾಗೆ ನೋಡಿದ ದುಃಖ ಇಂದಿಗೂ ಹೋಗಿಲ್ಲ. ಅಂದಿನಿಂದ ಯಾವ ಗೋಡೆಯನ್ನಾದರೂ ನಾನು ಮೊದಲು ಹಿಂಬದಿಯಿಂದ ನೋಡುತ್ತೇನೆ.

ನೀವೂ ಹಾಗೆಯೇ ಮಾಡಿ. ಒಳಬದಿಯಲ್ಲಿ ಮಣ್ಣು ಗೋಡೆಗೆ ಒತ್ತಿ ಏರಿದೆಯೇ, ನಲ್ಲಿ ಸೋರುತ್ತಿದೆಯೇ, ಗೋಡೆಯ ತಲೆಯ ಮೇಲೆ ನೀರು ಇಳಿಯದಂತೆ ಹೊದಿಕೆಯಿದೆಯೇ ಎಂಬುದನ್ನು ನೋಡಿ ಅದನ್ನು ಸರಿಪಡಿಸಿ. ಉದುರುವ ಗಾರೆಯನ್ನು ಗಟ್ಟಿ ಭಾಗ ಸಿಗುವವರೆಗೂ ಕೆರೆದು ತೆಗೆಯಿರಿ. ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆಯಬೇಕು, ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಸೇರುತ್ತದೆ. ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟ ಮೇಲೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಅಂಟಿಸಿ ಗೋಡೆಯ ಕೆಳಭಾಗದಲ್ಲಿ ಒಂದು ದಿನ ಇಡಿ. ಬಿಚ್ಚಿದಾಗ ಹಾಳೆಯ ಹಿಂದೆ ಹನಿ ಕಂಡರೆ ಗೋಡೆ ಇನ್ನೂ ಸಿದ್ಧವಾಗಿಲ್ಲ. ಹೊಸದಾಗಿ ಸಿಮೆಂಟು ಗಾರೆ ಮಾಡಿಸಿದರೆ ಕನಿಷ್ಠ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಬಳಿಯಿರಿ. ಗೋಡೆ ಹಳೆಯ ಸುಣ್ಣದ ಗಾರೆಯದಾಗಿದ್ದರೆ ಮಾತ್ರ ಸಿಮೆಂಟನ್ನೂ ಪ್ಲಾಸ್ಟಿಕ್ಕಿನಂಥ ಎಮಲ್ಷನ್ನನ್ನೂ ಹತ್ತಿರ ಸೇರಿಸಬೇಡಿ. ಅಂಥ ಗೋಡೆ ಉಸಿರಾಡಬೇಕು. ಅದಕ್ಕೆ ಸುಣ್ಣವನ್ನೇ ಆಧರಿಸಿದ ಬಣ್ಣ ಹೊಂದುತ್ತದೆ. ಕರಾವಳಿಯ ಕಾವಿ ಕಲೆಯಲ್ಲಿ ಕೆಮ್ಮಣ್ಣು ಮತ್ತು ಸುಣ್ಣ ಇವೆರಡೇ ಅಷ್ಟು ಮಳೆಯನ್ನು ತಾಳಿಕೊಂಡು ಬಂದಿವೆ.

ಪಶ್ಚಿಮದ ಬಿಸಿಲು ಬಣ್ಣಕ್ಕೆ ಕಠಿಣವಾದುದರಿಂದ ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣಿನ ಬಣ್ಣ, ಕಂದು, ಕಪ್ಪು ಇಂಥ ಕಬ್ಬಿಣದ ಆಕ್ಸೈಡ್ ಬಣ್ಣಗಳನ್ನು ಹೆಚ್ಚು ಬಳಸಿ. ಹೊಳೆಯುವ ಗುಲಾಬಿ, ಫ್ಲೋರೊಸೆಂಟ್ ಬಣ್ಣಗಳು ಬೇಗ ಮಾಸುತ್ತವೆ. ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಳ್ಳೆಯವು. ನಿಮ್ಮ ಗೋಡೆಗೆ ಮಧ್ಯಾಹ್ನದವರೆಗೆ ಬಿಸಿಲು ಬೀಳದ ಕಾರಣ ಬೆಳಿಗ್ಗೆಯೇ ಬಣ್ಣ ಹಚ್ಚಿ, ಕಾದ ಗೋಡೆಗೆ ಕುಂಚ ತಾಗಿಸಬೇಡಿ. ನಕ್ಷೆಯನ್ನು 1 ಅಡಿಗೆ 1 ಅಂಗುಲದ ಲೆಕ್ಕದಲ್ಲಿ 40 ಅಂಗುಲದ ಕಾಗದದ ಮೇಲೆ ಬರೆದು ಚೌಕ ಹಾಕಿದರೆ, ಗೋಡೆಯ ಮೇಲೂ ಅಡಿಗೊಂದು ಚೌಕ ಹೊಡೆದು ಬಳಗದ ಯಾರು ಬೇಕಾದರೂ ರೇಖೆ ಇಳಿಸಬಹುದು. ಕೆಳಗಿನ ಒಂದೂವರೆ ಅಡಿಗೆ ಮಳೆಯ ಕೆಸರು ಸಿಡಿದೇ ಸಿಡಿಯುತ್ತದೆ. ಅಲ್ಲಿ ಉದ್ದಕ್ಕೂ ಕಡುಬೂದು ಬಣ್ಣದ ಕಲ್ಲಿನ ಜಗಲಿ ಬರೆಸಿ, ಮಾರ್ಗಯ್ಯನ ಗಿರಾಕಿಗಳು ಅದರ ಮೇಲೆ ಕೂರಲಿ. ಬೀಳುವ ಪುಸ್ತಕವೊಂದೇ ಆ ಪಟ್ಟಿಗೆ ಇಳಿಯಲಿ, ಅದನ್ನು ವರ್ಷಕ್ಕೊಮ್ಮೆ ತಿದ್ದಿದರಾಯಿತು.

ಪ್ರಶ್ನೆ: ಕಾದಂಬರಿಯ ಪಾತ್ರಗಳನ್ನು ಬರೆಯಲು ಅನುಮತಿ ಬೇಕೆ? ನಾಳೆ ಯಾರಾದರೂ ಚಿತ್ರದ ಮೇಲೆ ಸುಣ್ಣ ಬಳಿದರೆ ಏನು ಮಾಡುವುದು?
— ಬಳಗದ ಮತ್ತೊಬ್ಬ ಸದಸ್ಯರು

ಉತ್ತರ: ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ನಾರಾಯಣ್ 2001ರಲ್ಲಿ ತೀರಿಕೊಂಡರು. ಅಂದರೆ 2061ರ ಕೊನೆಯವರೆಗೂ ಅದು ಅವರ ವಾರಸುದಾರರದು. ಒಂದು ಊರಿನ ಭಾವದಿಂದ ಪ್ರೇರಣೆ ಪಡೆಯುವುದಕ್ಕೂ, ವಾಕ್ಯಗಳನ್ನು ಎತ್ತಿ ಗೋಡೆಯ ಮೇಲೆ ಬರೆಯುವುದಕ್ಕೂ, ಪಾತ್ರಗಳನ್ನು ಹೆಸರು ಹಾಕಿ ತೋರಿಸುವುದಕ್ಕೂ ವ್ಯತ್ಯಾಸವಿದೆ. ಹೆಸರು, ಮಾತು ಬಳಸುವುದಾದರೆ ಪ್ರಕಾಶಕರ ಮೂಲಕ ಒಪ್ಪಿಗೆ ಕೇಳಿ ಪತ್ರ ಬರೆಯಿರಿ. ಮಾಲ್ಗುಡಿಯ ಕಥೆಗಳಿಗೆ ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳನ್ನು ನಕಲು ಮಾಡಬೇಡಿ, ಅವುಗಳ ಹಕ್ಕು ಪ್ರತ್ಯೇಕ. 1983ರ ‘ಬ್ಯಾಂಕರ್ ಮಾರ್ಗಯ್ಯ’ ಚಿತ್ರದ ಲೋಕೇಶ್ ಅವರ ಮುಖವನ್ನೂ ತರಬೇಡಿ. ಅವರ ಅಭಿನಯ ಮನಸ್ಸಿನಲ್ಲಿ ಅಚ್ಚೊತ್ತಿರುವುದರಿಂದಲೇ ಈ ಎಚ್ಚರ ಹೇಳುತ್ತಿದ್ದೇನೆ. ನಿಮ್ಮ ಬೀದಿಯಲ್ಲಿ ದಿನವೂ ಕಾಣುವ ಮೈಕಟ್ಟು, ಕೂರುವ ಭಂಗಿ ನಿಮ್ಮ ಮಾರ್ಗಯ್ಯನದಾಗಲಿ.

ಗೋಡೆಯ ಒಡೆತನ ಯಾರದೋ ಅವರಿಂದಲೂ, ಮಹಾನಗರ ಪಾಲಿಕೆಯಿಂದಲೂ ಬರಹದಲ್ಲಿ ಅನುಮತಿ ಪಡೆಯಿರಿ, ಏಕೆಂದರೆ ಸಾರ್ವಜನಿಕರಿಗೆ ಕಾಣುವ ಗೋಡೆಗಳನ್ನು ವಿರೂಪಗೊಳಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯಿದೆ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನೂ ವಿಚಾರಿಸಿ. ಅದರ ಕಚೇರಿ ಮೈಸೂರಿನಲ್ಲೇ ಇದೆ.

ಚಿತ್ರ ಅಳಿಸುವ ವಿಷಯಕ್ಕೆ ಬಂದರೆ, ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಕಲಾವಿದರಿಗೆ ತಮ್ಮ ಕೃತಿಯ ಗೌರವ ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದಾಗ ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತು, ಶಿಲ್ಪವನ್ನು ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ಆದರೆ ಅಷ್ಟು ವರ್ಷ ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಕೆಲಸ ಆರಂಭಿಸುವ ಮೊದಲೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಚಿತ್ರ ಎಷ್ಟು ವರ್ಷ ಇರಬೇಕು, ಮಾಸಿದಾಗ ತಿದ್ದುವವರು ಯಾರು, ಗೋಡೆ ಒಡೆಯಬೇಕಾಗಿ ಬಂದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಹೊಂಗೆಯ ಕೊಂಬೆ ಕಡಿಯುವ ಮೊದಲು ವಾಚನಾಲಯದವರನ್ನು ಕೇಳಬೇಕೆಂಬ ಕೋರಿಕೆಯನ್ನೂ ಪಾಲಿಕೆಗೆ ಕೊಡುವ ಪತ್ರದಲ್ಲಿ ಸೇರಿಸಿ, ಅದು ಹೋದರೆ ಮಾರ್ಗಯ್ಯನಿಗೆ ನೆರಳಿಲ್ಲ.