ಟೋಲ್ ಪಕ್ಕದ ಊರಿನವರೂ ದುಡ್ಡು ಕಟ್ಟಬೇಕಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಹಳ್ಳಿ. ಹೈವೇ ಟೋಲ್‌ಗೇಟಿನಿಂದ ಮನೆಗೆ 6 ಕಿಲೋಮೀಟರ್. ತೋಟ ಇರುವುದು ಗೇಟಿನ ಆಚೆ. ದಿನಾ ಕಾರಿನಲ್ಲಿ ಹೋಗಿ ಬರುತ್ತೇನೆ. ಕಾರು ತಗೊಂಡಾಗಲೇ ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ. ಮತ್ತೆ ಟೋಲ್ ಯಾಕೆ ಸರ್?

ಉತ್ತರ: ಮೊದಲು ನಿಮ್ಮ ಜೇಬಿನ ವಿಷಯ ನೋಡೋಣ. ನೀವು ದಿನಾ ಪೂರ್ತಿ ಟೋಲ್ ಕೊಡಬೇಕಾಗಿಲ್ಲ. ಗೇಟಿನಿಂದ 20 ಕಿಲೋಮೀಟರ್ ಒಳಗೆ ಮನೆ ಇರುವವರ ಸ್ವಂತ ಬಳಕೆಯ ಕಾರಿಗೆ ತಿಂಗಳ ಪಾಸ್ ಕೊಡಬೇಕು ಅಂತ 2008ರ ಟೋಲ್ ನಿಯಮದಲ್ಲೇ ಇದೆ. ಆಗ ಅದಕ್ಕೆ 150 ರೂಪಾಯಿ ಮೂಲ ದರ. ವರ್ಷ ವರ್ಷ ಏರಿ ಈಗ 300 ದಾಟಿದೆ. ಎಷ್ಟು ಸಲ ಬೇಕಾದರೂ ಓಡಾಡಬಹುದು. ಆದರೆ ಆ ಒಂದು ಗೇಟಿಗೆ ಮಾತ್ರ. ಪಕ್ಕದಲ್ಲೇ ಸರ್ವೀಸ್ ರಸ್ತೆಯೋ ಬೇರೆ ದಾರಿಯೋ ಇದ್ದರೆ ಪಾಸ್ ಸಿಗುವುದಿಲ್ಲ. ಆರ್‌ಸಿ ಮತ್ತು ವಿಳಾಸದ ದಾಖಲೆ ತಗೊಂಡು ಟೋಲ್ ಕಚೇರಿಗೆ ಹೋಗಿ ಕೇಳಿ. ಬೈಕು, ಟ್ರ್ಯಾಕ್ಟರಿಗಾದರೆ ಸಾಮಾನ್ಯವಾಗಿ ಟೋಲೇ ಇಲ್ಲ.

2025ರ ಆಗಸ್ಟ್ 15ರಂದು 3000 ರೂಪಾಯಿಗೆ ಶುರುವಾದ ವರ್ಷದ ಪಾಸ್ ಬಗ್ಗೆಯೂ ಕೇಳಿರುತ್ತೀರಿ. ಅದು ಒಂದು ವರ್ಷಕ್ಕೆ ಅಥವಾ 200 ಸಲ ದಾಟುವುದಕ್ಕೆ, ಯಾವುದು ಮೊದಲು ಮುಗಿಯುತ್ತೋ ಅದು. ದಿನಾ ಹೋಗಿ ಬರುವ ನಿಮಗೆ 100 ದಿನಕ್ಕೇ ಖಾಲಿ! ದೂರದ ಊರುಗಳಿಗೆ ಓಡಾಡುವವರಿಗೆ ಅದು ಒಳ್ಳೆಯದು, ನಿಮಗೆ ತಿಂಗಳ ಪಾಸೇ ಸರಿ.

ಇನ್ನು ರೋಡ್ ಟ್ಯಾಕ್ಸ್. ಅದು ಹೋಗುವುದು ರಾಜ್ಯ ಸರ್ಕಾರದ ಖಜಾನೆಗೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಪೆಟ್ರೋಲ್, ಡೀಸೆಲ್ ಹಾಕಿಸುವಾಗ ನಾವು ಕೊಡುವ ಸೆಸ್‌ನಲ್ಲಿ ಒಂದು ಪಾಲು ಹೆದ್ದಾರಿಗೆ ಬರುತ್ತದೆ, ನಿಜ. ಆದರೆ ಅದೇ ಗಂಟಿನಿಂದ ರಾಜ್ಯದ ರಸ್ತೆ, ರೈಲ್ವೆ ಎಲ್ಲಕ್ಕೂ ಹಂಚಬೇಕು. ಅಷ್ಟರಲ್ಲಿ ಸಾಲದು ಅಂತ ಸಾಲ ತರುತ್ತಾರೆ, ಅದನ್ನು ತೀರಿಸಲು ಟೋಲ್ ಬೇಕಾಗುತ್ತದೆ. ನಿಮ್ಮ ಜಿಲ್ಲೆಯ ರಸ್ತೆಯನ್ನೇ ತಗೊಳ್ಳಿ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸುವ 5,846 ಕಿಲೋಮೀಟರ್ ಸುವರ್ಣ ಚತುಷ್ಪಥದಲ್ಲಿ ತುಮಕೂರಿನಿಂದ ಹಾವೇರಿವರೆಗಿನ ಭಾಗಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಬಂದಿತ್ತು. ಕೆಲವು ಕಡೆ ಕಂಪನಿಯೇ ದುಡ್ಡು ಹಾಕಿ ರಸ್ತೆ ಮಾಡಿ, ಇಂತಿಷ್ಟು ವರ್ಷ ಟೋಲ್ ಎತ್ತಿಕೊಳ್ಳುತ್ತದೆ. 2016ರಿಂದ ಬಂದ ಇನ್ನೊಂದು ಪದ್ಧತಿಯಲ್ಲಿ ಕೆಲಸ ನಡೆಯುವಾಗ ಸರ್ಕಾರ ನೂರಕ್ಕೆ 40 ಪಾಲು ಕೊಡುತ್ತದೆ, ಉಳಿದದ್ದನ್ನು ಆಮೇಲೆ ಕಂತಿನಲ್ಲಿ ತೀರಿಸುತ್ತದೆ.

ನಾನು ಅದೇ ಸೀಮೆಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದವನು. ಡಾಂಬರು ಮಿಕ್ಸ್ ತುಂಬಿದ ಟಿಪ್ಪರ್ ಬಂದರೆ ತಾಡಪಾಲು ಸರಿಸಿ, ಒಳಗೆ ಥರ್ಮಾಮೀಟರ್ ಚುಚ್ಚಿ ನೋಡುತ್ತಿದ್ದೆ. 120 ಡಿಗ್ರಿಗಿಂತ ಇಳಿದಿದ್ದರೆ ಗಾಡಿ ವಾಪಸ್. ಡ್ರೈವರ್ ಬೈದುಕೊಳ್ಳುತ್ತಿದ್ದ, ಗುತ್ತಿಗೆದಾರನಿಗೂ ಸಿಟ್ಟು. ಆದರೆ ಆರಿದ ಮಿಕ್ಸನ್ನು ಎಷ್ಟು ರೋಲರ್ ಓಡಿಸಿದರೂ ಅದು ಗಟ್ಟಿಯಾಗಿ ಕೂರುವುದಿಲ್ಲ. ಮುಂದಿನ ಮಳೆಗಾಲಕ್ಕೆ ನೀರು ಇಳಿದು ಗುಂಡಿ ಬೀಳುತ್ತದೆ. ಹೀಗೆ ಹಾಕಿದ ರಸ್ತೆಯನ್ನೂ ಕೆಲವು ವರ್ಷಕ್ಕೊಮ್ಮೆ ಮೇಲ್ಪದರ ಬದಲಿಸಿ ಕಾಪಾಡಬೇಕು. ಆದ್ದರಿಂದ ಟೋಲ್ ತಪ್ಪು ಅಂತ ನಾನು ಹೇಳಲಾರೆ. ಟೋಲ್ ತಗೊಂಡು ಗುಂಡಿ ಮುಚ್ಚದಿದ್ದರೆ ಅದು ತಪ್ಪು. ಆಗ ಸುಮ್ನೆ ಇರಬೇಡಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಗುಂಡಿಯ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಜಾಗ ಹುಡುಕುವುದು ಅವರಿಗೆ ಸುಲಭವಾಗುತ್ತದೆ.

ಪ್ರಶ್ನೆ: ಚಿತ್ರದುರ್ಗದ ರಾಷ್ಟ್ರೀಯ ಹೆದ್ದಾರಿ (ಎನ್‌ಎಚ್) 4 ಇದ್ದದ್ದು 48 ಯಾಕಾಯ್ತು?

ಉತ್ತರ: 2010ರಲ್ಲಿ ದೇಶದ ಎಲ್ಲ ಹೆದ್ದಾರಿಗಳಿಗೂ ಹೊಸ ಸಂಖ್ಯೆ ಕೊಟ್ಟರು. ಉತ್ತರ–ದಕ್ಷಿಣ ಹೋಗುವ ಮುಖ್ಯ ರಸ್ತೆಗೆ ಸರಿಸಂಖ್ಯೆ, ಪಶ್ಚಿಮಕ್ಕೆ ಹೋದಂತೆ ಅದು ದೊಡ್ಡದಾಗುತ್ತದೆ. ಹಾಗಾಗಿ ಶ್ರೀನಗರ–ಕನ್ಯಾಕುಮಾರಿ ರಸ್ತೆ 44, ಚಿತ್ರದುರ್ಗದ್ದು 48, ಕರಾವಳಿಯದ್ದು 66. ಪೂರ್ವ–ಪಶ್ಚಿಮದ ರಸ್ತೆಗೆ ಬೆಸಸಂಖ್ಯೆ. ಬೆಂಗಳೂರು–ಮಂಗಳೂರು 75 ಆಗಿದ್ದು ಹೀಗೆ.