ನಾಲ್ಕು ದಿನದ ಮಗುವಿಗೆ ಕಾಮಾಲೆ: ಬೆಳಗಿನ ಬಿಸಿಲು ಸಾಕೇ?

ನಾಲ್ಕು ದಿನದ ಮಗುವಿನ ಮೈ ಹಳದಿಯಾಗಿದೆ, ಡಾಕ್ಟರು ಲೈಟಿನ ಕೆಳಗೆ ಇಡಬೇಕೆನ್ನುತ್ತಾರೆ, ಅತ್ತೆ ಬೆಳಗಿನ ಬಿಸಿಲು ಸಾಕೆನ್ನುತ್ತಾರೆ, ಯಾರ ಮಾತು ಕೇಳಲಿ ಎಂದು ಸಿಂಧನೂರಿನಿಂದ ಕೇಳಿದ್ದೀರಿ. ಡಾಕ್ಟರ ಮಾತು ಕೇಳಿ. ನಾನು ರಾಯಚೂರಿನಲ್ಲಿ ನವಜಾತ ಶಿಶುಗಳ ವಾರ್ಡಿನ ನರ್ಸ್, ಕಾರಣವನ್ನೂ ಹೇಳುತ್ತೇನೆ.

ಹೊಟ್ಟೆಯಲ್ಲಿದ್ದಾಗ ಮಗುವಿನ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚು. ಹುಟ್ಟಿದ ಮೇಲೆ ಅವು ಒಡೆದು ಬಿಲಿರುಬಿನ್ ಎಂಬ ಹಳದಿ ಪದಾರ್ಥವಾಗುತ್ತದೆ. ಅದನ್ನೆಲ್ಲ ಹೊರಹಾಕುವಷ್ಟು ಯಕೃತ್ತು ಇನ್ನೂ ಬಲಿತಿರುವುದಿಲ್ಲ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡು ಮೂರನೆಯ ದಿನ ಕಾಮಾಲೆ ಕಾಣಿಸುತ್ತದೆ, ಬಹುಪಾಲು ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಇದು ಅಂಟುವ ಕಾಮಾಲೆಯಲ್ಲ. ಬಾಣಂತಿಗೆ ಪಥ್ಯ ಬೇಕಿಲ್ಲ.

ಬಿಲಿರುಬಿನ್ ಮಿತಿಮೀರಿದರೆ ಮಾತ್ರ ಮಿದುಳಿಗೆ ಸೇರುತ್ತದೆ. ಮಗು ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಆ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ಅದಕ್ಕೇ ರಕ್ತ ಪರೀಕ್ಷಿಸಿ, ಮಗು ಹುಟ್ಟಿ ಎಷ್ಟು ಗಂಟೆಯಾಯಿತೆಂದು ಲೆಕ್ಕಹಾಕಿ ಲೈಟ್ ಬೇಕೇ ಎಂದು ತೀರ್ಮಾನಿಸುತ್ತಾರೆ. ಆ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್‌ನ ರೂಪ ಬದಲಿಸುತ್ತದೆ, ಆಗ ಅದು ಮಲಮೂತ್ರದಲ್ಲಿ ಸುಲಭವಾಗಿ ಹೋಗುತ್ತದೆ. ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುವುದನ್ನು ಕಂಡು ಎಷ್ಟೋ ತಾಯಂದಿರು ಅಳುತ್ತಾರೆ. ಹೆದರಬೇಡಿ, ಹಾಲು ಕುಡಿಸುವಾಗ ಪಟ್ಟಿ ಬಿಚ್ಚಿ ನಿಮ್ಮ ಮಡಿಲಿಗೇ ಕೊಡುತ್ತಾರೆ.

ಅತ್ತೆಯವರ ಮಾತಿನಲ್ಲೂ ಹುರುಳಿದೆ. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್, ಬಿಸಿಲು ತಾಗಿದ ಕಡೆ ಮಗುವಿನ ಹಳದಿ ಇಳಿದದ್ದನ್ನು ಗಮನಿಸಿದರು. ಈ ಚಿಕಿತ್ಸೆಯ ಮೂಲ ಅದೇ. ಆದರೆ ಬಿಸಿಲಿಗೆ ಅಳತೆಯಿಲ್ಲ. ನಮ್ಮ ರಾಯಚೂರಿನ ಬಿಸಿಲಿಗೆ ಎಳೆಯ ಚರ್ಮ ಸುಡುತ್ತದೆ, ಮೈಯ ನೀರು ಆರುತ್ತದೆ.

ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆಹಾಲು ಕೊಡಿ, ಸಕ್ಕರೆ ನೀರು ಬೇಡ. ಬರೆ ಹಾಕಿಸಲು ಯಾರು ಕರೆದರೂ ದಯವಿಟ್ಟು ಹೋಗಬೇಡಿ. ಟ್ರಂಕಿನಿಂದ ತೆಗೆದ ಹಳೆಯ ಸೀರೆಯಲ್ಲಿ ಡಾಂಬರು ಗುಳಿಗೆಯ ವಾಸನೆಯಿದ್ದರೆ ತೊಟ್ಟಿಲಿಗೆ ಹಾಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ಕಣಗಳನ್ನು ಇನ್ನಷ್ಟು ಒಡೆಯುತ್ತದೆ.

ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಬ್ಬಿದರೆ, ಮಗು ಹಾಲೆಳೆಯದೆ ಮಂಕಾದರೆ, ಕೀರಲು ದನಿಯಲ್ಲಿ ಅಳುತ್ತ ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಮಲ ಬಿಳಿಚಿಕೊಂಡರೆ ಅದು ಬೇರೆ ಕಾಯಿಲೆಯ ಸೂಚನೆ, ತಡಮಾಡದೆ ತೋರಿಸಿ. ಈಗಂತೂ ಇಂದೇ ಆಸ್ಪತ್ರೆಗೆ ಹೊರಡಿ, ತಾಯಿ ಕಾರ್ಡ್ ಜೊತೆಗಿರಲಿ. ನಿಮ್ಮ ರಕ್ತದ ಗುಂಪು ಓ ಅಥವಾ ನೆಗೆಟಿವ್ ಆಗಿದ್ದರೆ ಅವರು ಕೇಳುವ ಮುನ್ನವೇ ಹೇಳಿ.