ಕಾಂಗರೂ ಬೇಡ, ಕಪ್ಪೆ ತಗೊಳ್ಳಿ

ನಿಮ್ಮ ಸೂಪರ್‌ಹೀರೋ ಆಟಕ್ಕೆ ಕಾಂಗರೂ, ಬೂಮರಾಂಗ್ ಬಿಟ್ಟು ಬೇರೆ ಥರದ ಆಸ್ಟ್ರೇಲಿಯಾದ ಖಳರು ಬೇಕು ಅಂತ ಕೇಳಿದ್ದೀರಲ್ಲ, ಕೇನ್ ಟೋಡ್ ಕಪ್ಪೆಯಿಂದ ಶುರು ಮಾಡಿ. ಕಬ್ಬಿನ ದುಂಬಿಗಳನ್ನು ತಿನ್ನಲಿ ಅಂತ 1935ರಲ್ಲಿ ಇವನ್ನು ಹವಾಯಿಯಿಂದ ಈಶಾನ್ಯ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ತಂದರು. ದುಂಬಿ ಹಾಗೇ ಉಳಿಯಿತು, ಕಪ್ಪೆ ಪಶ್ಚಿಮ ಆಸ್ಟ್ರೇಲಿಯಾದವರೆಗೂ ಹರಡಿತು. ಅದರ ಭುಜದ ಗ್ರಂಥಿಗಳಲ್ಲಿ ವಿಷ. ತಿನ್ನಲು ಬಂದ ಕ್ವೋಲ್ (ಬೆಕ್ಕಿನಷ್ಟು ದೊಡ್ಡ ಬೇಟೆ ಪ್ರಾಣಿ), ಗೋವಾನಾ (ಉಡದ ಜಾತಿ) ಇವೇ ಸತ್ತವು.

ನಿಮ್ಮ ಖಳನಾಯಕಿಯೂ ಹಾಗೇ ಇರಲಿ. ರೈತರನ್ನು ಉಳಿಸಲು ಹೊರಟ ವಿಜ್ಞಾನಿ, ಬಿಟ್ಟ ಜೀವಿ ಕೈ ಮೀರಿದೆ, ತಪ್ಪು ಒಪ್ಪುತ್ತಿಲ್ಲ. ದುಷ್ಟತನಕ್ಕಿಂತ ಈ ಹಠ ಜಾಸ್ತಿ ಹೆದರಿಸುತ್ತದೆ, ಅಲ್ವಾ? ಅವಳಿಗೆ ಹೊಡೆದರೆ ವಿಷ ಚಿಮ್ಮಲಿ, ಆಗ ಹೀರೋಗಳು ಸುಮ್ನೆ ಗುದ್ದಿ ಗೆಲ್ಲಲು ಆಗುವುದಿಲ್ಲ.

ಕಪ್ಪೆಗೆ ನೀರು ಬೇಕೇ ಬೇಕು. ಅದಕ್ಕೇ ಕೊನೆಯ ಕಾಳಗ ಕೂಬರ್ ಪೀಡಿಯಲ್ಲಿ ಇಡಿ: ಮರುಭೂಮಿಯ ಓಪಲ್ ರತ್ನದ ಗಣಿ ಊರು, ಸೆಕೆ ತಾಳದೆ ಜನ ನೆಲದಡಿ ಮನೆ ಕೊರೆದುಕೊಂಡಿದ್ದಾರೆ.